ಸಾದಾ ಬೆತ್ತದ ಬುಟ್ಟಿಗೆ ಹಳೇ ಕಾಲದ ಕಳೆ ತರುವುದು ಹೇಗೆ?

ತುಂಬಾ ವರ್ಷ ಬಳಸಿದ ಬೆತ್ತದ ಬುಟ್ಟಿ ಎಲ್ಲಾದರೂ ಕೈಗೆ ಸಿಕ್ಕರೆ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಹಿಡಿಕೆಯ ನಡುಭಾಗದಲ್ಲಿ, ಬೆರಳು ಕೂರುವ ಜಾಗ ಕಪ್ಪಾಗಿ ನುಣ್ಣಗೆ ಹೊಳೆಯುತ್ತಿರುತ್ತದೆ. ಬಾಯಿಯ ಅಂಚಿನಲ್ಲಿ ಬಣ್ಣ ಹೋಗಿ ಒಳಗಿನ ನಾರು ಕಾಣುತ್ತದೆ. ತಳದ ಸುತ್ತ, ನೆಲಕ್ಕೆ ಉಜ್ಜುವ ಕಡೆ, ಎಳೆಗಳು ಸವೆದು ಚಪ್ಪಟೆಯಾಗಿರುತ್ತವೆ. ಎಳೆಗೆ ಎಳೆ ಸೇರುವ ಸಂದಿಯಲ್ಲಿ ಮಾತ್ರ ಮೊದಲ ಬಣ್ಣ ಹಾಗೇ ಉಳಿದಿರುತ್ತದೆ. ಅಲ್ಲಿಗೆ ಕೈ ಹೋಗಿಲ್ಲ, ಧೂಳು ಹೋಗಿದೆ. ಹಾಗಾಗಿ ಅಲ್ಲೊಂದು ತೆಳು ಕಂದು ಗೆರೆ ಇರುತ್ತದೆ.

ಹೊಸ ಬುಟ್ಟಿಗೆ ವಿಂಟೇಜ್ ನೋಟ ಕೊಡುವಾಗ ಈ ಮೂರು ನಾಲ್ಕು ಗುರುತು ನೆನಪಿದ್ದರೆ ಸಾಕು, ಮುಕ್ಕಾಲು ಕೆಲಸ ಆದ ಹಾಗೆ. ಕೈ ತಾಗುವ ಕಡೆ ಬಣ್ಣ ಸವೆಯಬೇಕು, ಕೈ ತಾಗದ ಕಡೆ ಬಣ್ಣ ಉಳಿಯಬೇಕು. ನಾನು ಮೊದಲು ಮಾಡಿದ ಬುಟ್ಟಿಗೆ ಬಣ್ಣ ಬಳಿದು ಎಲ್ಲಾ ಕಡೆ ಒಂದೇ ಸಮ ಉಜ್ಜಿಬಿಟ್ಟೆ. ಬಣ್ಣ ಚೆನ್ನಾಗಿತ್ತು, ಲೇಸೂ ಚೆನ್ನಾಗಿತ್ತು. ಆದರೂ ಅದು ಹಳೇ ಬುಟ್ಟಿ ಅಂತ ಅನ್ನಿಸಲೇ ಇಲ್ಲ, ಬಣ್ಣ ಕಿತ್ತುಹೋದ ಹೊಸ ಬುಟ್ಟಿ ಅನ್ನಿಸಿತು. ಆಮೇಲೆ ನಿಜವಾಗಿ ಹಳತಾದ ಒಂದು ಬುಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಎಲ್ಲಿ ತಪ್ಪಾಯಿತು ಅಂತ ಗೊತ್ತಾಯಿತು.

ಒಟ್ಟು ಕೆಲಸಕ್ಕೆ ಮೂರು ದಿನ ಇಟ್ಟುಕೊಳ್ಳಿ. ಕೈಕೆಲಸ ನಾಲ್ಕೈದು ಗಂಟೆಯಷ್ಟೇ, ಉಳಿದದ್ದೆಲ್ಲ ಒಣಗುವ ಸಮಯ.

ಮೊದಲು, ಬುಟ್ಟಿ ಯಾವುದರಿಂದ ಮಾಡಿದ್ದು?

ಇಂಥ ಬುಟ್ಟಿಗಳಿಗೆ ಇಂಗ್ಲಿಷಿನಲ್ಲಿ ವಿಕರ್ ಬುಟ್ಟಿ ಅನ್ನುತ್ತಾರೆ. ವಿಕರ್ ಅನ್ನುವುದು ಹೆಣೆಯುವ ಬಗೆಯ ಹೆಸರು. ಬೆತ್ತ, ಬಿದಿರು, ವಿಲ್ಲೋ ಮರದ ಕಡ್ಡಿ, ಹುಲ್ಲು, ಕಾಗದ, ಪ್ಲಾಸ್ಟಿಕ್ ಎಲ್ಲದರಲ್ಲೂ ಆ ಹೆಣಿಗೆ ಹಾಕುತ್ತಾರೆ. ನಿಮ್ಮ ಬುಟ್ಟಿ ಯಾವುದು ಅಂತ ಗೊತ್ತಿಲ್ಲದೆ ಬಣ್ಣ ಶುರು ಮಾಡಬೇಡಿ, ಏಕೆಂದರೆ ಒಂದೊಂದು ಒಂದೊಂದು ರೀತಿ ನಡೆದುಕೊಳ್ಳುತ್ತದೆ.

ಬುಟ್ಟಿಯನ್ನು ಬೋರಲು ಹಾಕಿ, ತಳದಲ್ಲಿ ಎಳೆಯ ತುದಿ ಎಲ್ಲಾದರೂ ಹೊರಗೆ ಬಂದಿದೆಯಾ ನೋಡಿ. ಕತ್ತರಿಸಿದ ತುದಿಯಲ್ಲಿ ಸೂಜಿಮೊನೆಯಂಥ ಸಣ್ಣ ಸಣ್ಣ ರಂಧ್ರ ತುಂಬಿದ್ದರೆ ಅದು ಬೆತ್ತ. ತುದಿ ತಿರುಚಿದ ಕಾಗದದ ಹಾಗೆ ಬಿಚ್ಚಿಕೊಂಡರೆ ಅದು ಕಾಗದದ ಹೆಣಿಗೆ. 1917ರಲ್ಲಿ ಅಮೆರಿಕದ ಮಾರ್ಷಲ್ ಲಾಯ್ಡ್ ಎಂಬುವರು ಕಾಗದವನ್ನು ಬಿಗಿಯಾಗಿ ಹೊಸೆದು, ಕೆಲವು ಎಳೆಗಳ ಒಳಗೆ ತಂತಿ ಇಟ್ಟು, ಯಂತ್ರದಲ್ಲಿ ನೇಯುವ ವಿಧಾನ ಕಂಡುಹಿಡಿದರು. ಲಾಯ್ಡ್ ಲೂಮ್ ಅನ್ನುವ ಹೆಸರಿನಲ್ಲಿ ಅದು ತುಂಬಾ ಜನಪ್ರಿಯವಾಯಿತು. ನೋಡಲು ಬೆತ್ತದಂತೆಯೇ ಇರುವ ಈ ಕಾಗದದ ಹೆಣಿಗೆಗೆ ನೀರು ಶತ್ರು. ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ತೊಳೆಯುವ ಹಾಗಿಲ್ಲ. ಪ್ಲಾಸ್ಟಿಕ್ ಎಳೆಯಾದರೆ ಎಲ್ಲವೂ ಒಂದೇ ದಪ್ಪ, ಒಂದೇ ಹೊಳಪು, ಉಗುರಿನಲ್ಲಿ ಒತ್ತಿದರೆ ಮೆತ್ತಗೆ. ಅದಕ್ಕೆ ಮುಂದೆ ಹೇಳುವ ಟೀ, ವಿನೆಗರ್ ಉಪಾಯ ಯಾವುದೂ ನಡೆಯುವುದಿಲ್ಲ. ಪ್ಲಾಸ್ಟಿಕ್‌ಗೇ ಅಂತ ಮಾಡಿದ ಸ್ಪ್ರೇ ಬಣ್ಣ ಒಂದೇ ದಾರಿ.

ಬೆತ್ತದಲ್ಲೂ ಎರಡು ಥರ. ಹೊರಸಿಪ್ಪೆ ಸಹಜವಾಗಿಯೇ ಹೊಳೆಯುತ್ತದೆ, ನೀರು ಜಾರಿಹೋಗುತ್ತದೆ, ಬಣ್ಣ ಬೇಗ ಹಿಡಿಯುವುದಿಲ್ಲ. ಒಳತಿರುಳಿನಿಂದ ತೆಗೆದ ಎಳೆ ಮಂಕಾಗಿರುತ್ತದೆ, ಬಣ್ಣವನ್ನು ಹೀರಿಕೊಳ್ಳುತ್ತದೆ. ಎಷ್ಟೋ ಬುಟ್ಟಿಗಳಲ್ಲಿ ಮೈ ಪೂರ್ತಿ ತಿರುಳಿನ ಎಳೆ, ಹಿಡಿಕೆ ಸುತ್ತಿದ್ದು ಸಿಪ್ಪೆಯ ಪಟ್ಟಿ. ಹಾಗಾಗಿ ಮೈಗೆ ಹಿಡಿದ ಬಣ್ಣ ಹಿಡಿಕೆಗೆ ಹಿಡಿಯದಿದ್ದರೆ ಗಾಬರಿಯಾಗಬೇಡಿ. ಹಿಡಿಕೆಯನ್ನು ಸ್ಯಾಂಡ್ ಪೇಪರ್‌ನಲ್ಲಿ ಸ್ವಲ್ಪ ಜಾಸ್ತಿ ಉಜ್ಜಬೇಕು, ಅಷ್ಟೇ.

ಇನ್ನೊಂದು ಚಿಕ್ಕ ಪರೀಕ್ಷೆ. ತಳದ ಮೇಲೆ ಒಂದು ಹನಿ ನೀರು ಹಾಕಿ. ಹನಿ ಮುತ್ತಿನ ಹಾಗೆ ನಿಂತರೆ ಬುಟ್ಟಿಗೆ ವಾರ್ನಿಷ್ ಇದೆ, ಇಲ್ಲವೇ ಅದು ಸಿಪ್ಪೆಯ ಎಳೆ. ಹೀರಿಕೊಂಡು ಆ ಜಾಗ ಗಾಢವಾದರೆ ಎಳೆ ಬರಿದಾಗಿದೆ, ಯಾವ ಬಣ್ಣ ಬೇಕಾದರೂ ಹಾಕಬಹುದು.

ಶುಚಿ ಮತ್ತು ರಿಪೇರಿ

ಒಣ ಬ್ರಷ್‌ನಿಂದ ಸಂದಿಗಳ ಧೂಳನ್ನು ಮೊದಲು ತೆಗೆಯಿರಿ. ಹಳೇ ಹಲ್ಲುಜ್ಜುವ ಬ್ರಷ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಧೂಳು ತೆಗೆಯುವ ಮೊದಲೇ ನೀರು ಹಾಕಿದರೆ ಅದು ಕೆಸರಾಗಿ ಸಂದಿಯಲ್ಲೇ ಕೂತುಬಿಡುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಬೂಷ್ಟು ಹಿಡಿದಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮ ಸಮ ಬೆರೆಸಿ ಅದರಿಂದ ಉಜ್ಜಿ. ನೆರಳಿನಲ್ಲಿ, ಗಾಳಿ ಆಡುವ ಕಡೆ ಒಂದು ದಿನ ಪೂರ್ತಿ ಒಣಗಲು ಬಿಡಿ. ಬೇಗ ಒಣಗಲಿ ಅಂತ ಉರಿಬಿಸಿಲಿಗೆ ಇಟ್ಟರೆ ಎಳೆ ಸೀಳುತ್ತದೆ.

ತಳದಲ್ಲಿ ಗುಂಡುಸೂಜಿ ಗಾತ್ರದ ತೂತುಗಳಿದ್ದು, ಬುಟ್ಟಿ ತಟ್ಟಿದರೆ ಹಿಟ್ಟಿನಂಥ ಪುಡಿ ಉದುರುತ್ತದಾ? ಅದು ಕುಟ್ಟೆ ಹುಳದ ಕೆಲಸ. ಅಂಥ ಬುಟ್ಟಿಯನ್ನು ಮನೆಯೊಳಗೆ ತರಬೇಡಿ, ಬೇರೆ ಮರದ ಸಾಮಾನಿಗೂ ಹಬ್ಬುತ್ತದೆ.

ಮುರಿದ ಎಳೆ ಒಂದೆರಡು ಇದ್ದರೆ ಸುಲಭವಾಗಿ ಸರಿ ಮಾಡಬಹುದು. ಅದೇ ದಪ್ಪದ ಬೆತ್ತದ ಎಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೆನೆದ ಎಳೆ ದಾರದ ಹಾಗೆ ಬಾಗುತ್ತದೆ, ಒಣ ಎಳೆ ಟಕ್ ಅಂತ ಮುರಿಯುತ್ತದೆ. ಎಳೆಗಳು ಹಾದುಹೋಗುವ ನೆಟ್ಟಗಿನ ಕಡ್ಡಿಯ ಹಿಂದೆ ತುದಿ ಬರುವ ಹಾಗೆ ಮುರಿದ ಭಾಗವನ್ನು ಕತ್ತರಿಸಿ ತೆಗೆಯಿರಿ. ಹೊಸ ಎಳೆಯನ್ನು ಹಳೆಯದರ ದಾರಿಯಲ್ಲೇ ಮೇಲೆ ಕೆಳಗೆ ಹಾಯಿಸಿ, ಎರಡೂ ತುದಿ ಕಡ್ಡಿಯ ಹಿಂದೆ ಮರೆಯಾಗುವ ಹಾಗೆ ಮುಗಿಸಿ. ಎಳೆ ಪೂರ್ತಿ ಒಣಗಿದ ಮೇಲೆ ತುದಿಗೆ ಮರದ ಬಿಳಿ ಅಂಟು ಒಂದು ತೊಟ್ಟು ಹಾಕಿ, ಬಟ್ಟೆ ಕ್ಲಿಪ್ ಸಿಕ್ಕಿಸಿ ರಾತ್ರಿ ಬಿಡಿ. ಬಣ್ಣ ಬಂದ ಮೇಲೆ ಈ ತೇಪೆ ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿ ಒಂದೋ ಎರಡೋ ಎಳೆ ಹೋಗಿದ್ದರೆ ನಾನಂತೂ ಹಾಗೇ ಬಿಡುತ್ತೇನೆ, ಚೂಪಾದ ಸಿಬಿರು ಮಾತ್ರ ಉಜ್ಜಿ ತೆಗೆಯುತ್ತೇನೆ. ನಾವು ಕಷ್ಟಪಟ್ಟು ತರಲು ಹೊರಟಿರುವ ಸವೆತ ಅಲ್ಲಿ ತಾನಾಗಿಯೇ ಬಂದಿರುತ್ತದೆ, ಅಲ್ವಾ?

ಇನ್ನು 180 ಅಥವಾ 220 ನಂಬರಿನ ಸ್ಯಾಂಡ್ ಪೇಪರ್ ತೆಗೆದುಕೊಂಡು ಇಡೀ ಬುಟ್ಟಿಯನ್ನು ಎಳೆಯ ಉದ್ದಕ್ಕೇ ಹಗುರವಾಗಿ ಉಜ್ಜಿ. ಅಡ್ಡ ಉಜ್ಜಿದರೆ ನಾರು ಎದ್ದು ಕೂದಲು ಕೂದಲಾಗುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬುಟ್ಟಿ ನಿಜವಾಗಿಯೂ ಹಲವು ದಶಕ ಹಳೆಯದಾಗಿದ್ದು, ಅದರ ಮೇಲೆ ಆಗಿನ ಬಣ್ಣವೇ ಇದ್ದರೆ ಉಜ್ಜಲು ಹೋಗಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು, ಅದರ ಪುಡಿ ಉಸಿರಿಗೆ ಹೋಗುವುದು ಮಕ್ಕಳಿಗೆ ತುಂಬಾ ಅಪಾಯ. ಅಂಥ ಬುಟ್ಟಿಯನ್ನು ಒರೆಸಿ ಹಾಗೇ ಇಟ್ಟುಕೊಳ್ಳಿ.

ಬಣ್ಣ: ಮೂರು ದಾರಿ

ಯಾವ ಹಳೇ ನೋಟ ಬೇಕು ಅಂತ ಈಗ ತೀರ್ಮಾನ ಮಾಡಿ. ಮಾಸಿದ ಬಿಳಿ, ಪದರ ಪದರವಾಗಿ ಕಿತ್ತ ಬಣ್ಣ, ಇಲ್ಲವೇ ಮಳೆ ಬಿಸಿಲಿಗೆ ಬೂದಿಯಾದ ಮರದ ಬಣ್ಣ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ತರಲು ಹೋಗಬೇಡಿ. ಮೂರರಲ್ಲಿ ಯಾವುದನ್ನೇ ಆರಿಸಿದರೂ ಮೊದಲು ತಳದ ಹೊರಭಾಗದಲ್ಲಿ ಸ್ವಲ್ಪ ಹಚ್ಚಿ, ಒಣಗಿದ ಮೇಲೆ ನೋಡಿ. ಹಸಿ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ.

*ಮಾಸಿದ ಬಿಳಿ.* ಅತಿ ಸುಲಭ, ಮೊದಲ ಸಲ ಮಾಡುವವರು ಇದನ್ನೇ ಮಾಡಿ. ಅಚ್ಚ ಬಿಳಿ ಬೇಡ, ಕೆನೆ ಬಣ್ಣ ತೆಗೆದುಕೊಳ್ಳಿ. ನೀರಿನಲ್ಲಿ ಕರಗುವ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ. ಒಂದು ಪುಟ್ಟ ಭಾಗಕ್ಕೆ ಹಚ್ಚಿ, ಅರ್ಧ ನಿಮಿಷ ಬಿಟ್ಟು, ಹತ್ತಿ ಬಟ್ಟೆಯಿಂದ ಒರೆಸಿ. ಮೇಲಿನ ಬಣ್ಣ ಬಟ್ಟೆಗೆ ಬರುತ್ತದೆ, ಸಂದಿಯದು ಉಳಿಯುತ್ತದೆ, ಬೆತ್ತದ ಜೇನುಬಣ್ಣ ಅದರ ಅಡಿಯಿಂದ ಇಣುಕುತ್ತದೆ. ಒಮ್ಮೆಗೇ ಇಡೀ ಬುಟ್ಟಿಗೆ ಹಚ್ಚಿದರೆ ಕೊನೆಯ ಭಾಗ ಒರೆಸುವ ಹೊತ್ತಿಗೆ ಒಣಗಿಹೋಗಿರುತ್ತದೆ. ವಾರ್ನಿಷ್ ಇರುವ ಬುಟ್ಟಿಗೆ ಇದು ಅಷ್ಟು ಚೆನ್ನಾಗಿ ಬರುವುದಿಲ್ಲ.

ವಾರ್ನಿಷ್ ಇದ್ದರೆ ಒಣ ಬ್ರಷ್ ವಿಧಾನ ಹಿಡಿಯಿರಿ. ಚಪ್ಪಟೆ, ಗಡಸು ಕೂದಲಿನ ಬ್ರಷ್ಷಿನ ತುದಿಯನ್ನು ಮಾತ್ರ ದಪ್ಪ ಬಣ್ಣದಲ್ಲಿ ಅದ್ದಿ. ಹಳೇ ಕಾಗದದ ಮೇಲೆ ಎಳೆದು ಎಳೆದು ಬಣ್ಣ ಖಾಲಿ ಮಾಡಿ. ಇನ್ನೇನು ಬಣ್ಣ ಉಳಿದಿಲ್ಲ ಅನ್ನುವಾಗ ಬ್ರಷ್ಷನ್ನು ಬುಟ್ಟಿಯ ಮೇಲೆ ಹೆಚ್ಚು ಕಡಿಮೆ ಮಲಗಿಸಿ, ಹೆಣಿಗೆಗೆ ಅಡ್ಡವಾಗಿ ಸವರಿ. ಸರ್ ಸರ್ ಅನ್ನುವ ಒಣ ಸದ್ದು ಬರಬೇಕು. ಉಬ್ಬಿದ ಪ್ರತಿ ಎಳೆಯ ನೆತ್ತಿಗೂ ಬೆಳ್ಳಗೆ ಒಂದು ಗೀಟು ಬೀಳುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಸದ್ದು ನಿಂತು ಬ್ರಷ್ ಜಾರಿದರೆ ಬಣ್ಣ ಜಾಸ್ತಿಯಾಗಿದೆ ಅಂತ ಅರ್ಥ.

*ಪದರ ಪದರದ ಬಣ್ಣ.* ನನಗೆ ಅತಿ ಇಷ್ಟವಾದದ್ದು ಇದು. ಹಳೇ ಮನೆಗಳಲ್ಲಿ ಒಂದೇ ಬುಟ್ಟಿಗೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಬೇರೆ ಬೇರೆ ಬಣ್ಣ ಬಳಿದು, ಸವೆದ ಕಡೆ ಅಡಿಯ ಬಣ್ಣ ಕಾಣುತ್ತಿರುತ್ತದಲ್ಲ, ಅದೇ ನೋಟ. ಇದಕ್ಕೆ ಚಾಕ್ ಪೇಂಟ್ ಬೇಕು. ಆನಿ ಸ್ಲೋನ್ ಎಂಬ ಬ್ರಿಟಿಷ್ ಕಲಾವಿದೆ 1990ರಲ್ಲಿ ಆ ಹೆಸರಿನ ಬಣ್ಣ ತಂದ ಮೇಲೆ ಇದು ಎಲ್ಲರ ಬಾಯಲ್ಲೂ ಬಂತು. ಒಣಗಿದಾಗ ಸುಣ್ಣದ ಗೋಡೆಯ ಹಾಗೆ ಮಂಕಾಗಿ ಕಾಣುತ್ತದೆ, ಸುಲಭವಾಗಿ ಉಜ್ಜಿ ತೆಗೆಯಬಹುದು. ನಮಗೆ ಬೇಕಾದ ಎರಡೂ ಗುಣ ಅದರಲ್ಲಿದೆ.

ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. ಮೂರು ಭಾಗ ಹೊಳಪಿಲ್ಲದ ಅಕ್ರಿಲಿಕ್ ಅಥವಾ ಎಮಲ್ಷನ್ ಬಣ್ಣ, ಒಂದು ಭಾಗ ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಭಾಗ ನೀರು. ಪ್ಲಾಸ್ಟರ್ ಪುಡಿಯನ್ನು ಮೊದಲು ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಬಣ್ಣಕ್ಕೆ ಸುರಿಯಿರಿ. ಪುಡಿಯನ್ನು ನೇರವಾಗಿ ಬಣ್ಣಕ್ಕೆ ಹಾಕಿದರೆ ಗಂಟುಗಳು ಬಿಡುವುದೇ ಇಲ್ಲ. ಕಲಸಿದ ಬಣ್ಣ ಸ್ವಲ್ಪ ಹೊತ್ತಿಗೇ ಗಟ್ಟಿಯಾಗತೊಡಗುತ್ತದೆ, ಹಾಗಾಗಿ ಒಂದು ಸಲಕ್ಕೆ ಬೇಕಾದಷ್ಟೇ ಮಾಡಿ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ.

ಅಡಿಗೆ ಗಾಢ ಬಣ್ಣ, ಮೇಲೆ ತೆಳು ಬಣ್ಣ. ಕಡು ಕಂದಿನ ಮೇಲೆ ಕೆನೆ, ಮಂಕು ನೀಲಿಯ ಮೇಲೆ ಬೂದು ಬಿಳಿ, ಇಟ್ಟಿಗೆ ಕೆಂಪಿನ ಮೇಲೆ ಮಾಸಲು ಹಸಿರು, ಈ ಜೋಡಿಗಳು ಚೆನ್ನಾಗಿ ಹೊಂದುತ್ತವೆ. ಅಡಿಬಣ್ಣ ಪೂರ್ತಿ ಒಣಗಿದ ಮೇಲೆ ಮೇಣದ ಬತ್ತಿ ತೆಗೆದುಕೊಳ್ಳಿ. ಎಲ್ಲಿ ಸವೆತ ಬೇಕೋ ಅಲ್ಲಿ ಮಾತ್ರ ಉಜ್ಜಿ. ಹಿಡಿಕೆಯ ನಡುವೆ, ಹಿಡಿಕೆ ಬುಟ್ಟಿಗೆ ಸೇರುವ ಕಡೆ, ಬಾಯಿಯ ಅಂಚು, ಹೊಟ್ಟೆ ಉಬ್ಬಿದ ಭಾಗ, ತಳದ ಸುತ್ತ. ಮೇಣದ ಉದುರು ಪುಡಿಯನ್ನು ಬ್ರಷ್‌ನಿಂದ ಕೊಡವಿ. ಈಗ ಮೇಲಿನ ಬಣ್ಣ ಹಚ್ಚಿ. ಮೇಣ ಇರುವ ಕಡೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಒಣ ಬಟ್ಟೆಯಿಂದ ತಿಕ್ಕಿದರೆ ಸಣ್ಣ ಸಣ್ಣ ಚಕ್ಕೆಯಾಗಿ ಏಳುತ್ತದೆ, ಅಡಿಬಣ್ಣ ಹೊರಗೆ ಬರುತ್ತದೆ. ಚಕ್ಕೆ ಏಳುವ ಆ ಕ್ಷಣ ನೋಡಲು ತುಂಬಾ ಖುಷಿ. ಅದೇ ಖುಷಿಯಲ್ಲಿ ಜಾಸ್ತಿ ತಿಕ್ಕಿಬಿಡುವ ಸಂಭವವೂ ಇದೆ. ಐದು ನಿಮಿಷಕ್ಕೊಮ್ಮೆ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ.

ಬಣ್ಣ ಹಚ್ಚುವಾಗ ತೆಳ್ಳಗೆ ಎರಡು ಸಲ ಹಚ್ಚಿ, ದಪ್ಪಗೆ ಒಂದು ಸಲ ಬೇಡ. ದಪ್ಪ ಬಣ್ಣ ಸಂದಿಗಳನ್ನು ಮುಚ್ಚಿ ಹೆಣಿಗೆಯ ಅಂದವನ್ನೇ ಕೆಡಿಸುತ್ತದೆ. ಸಂದಿಯಲ್ಲಿ ಬಣ್ಣ ನಿಂತರೆ ಒಣ ಬ್ರಷ್ ಆಡಿಸಿ ಎತ್ತಿಬಿಡಿ. ಸ್ಪ್ರೇ ಡಬ್ಬಿ ಬಳಸುವುದಾದರೆ ಹೊರಗಡೆ ಬಳಸಿ, ಬುಟ್ಟಿಯಿಂದ 20ರಿಂದ 25 ಸೆಂ.ಮೀ. ದೂರ ಹಿಡಿದು, ಕೈಯನ್ನು ನಿಲ್ಲಿಸದೆ ಆಡಿಸುತ್ತಿರಿ. ಅಂಟು ಹಚ್ಚಿ ಬಣ್ಣ ಬಿರುಕು ಬಿಡಿಸುವ ಕ್ರ್ಯಾಕಲ್ ಉಪಾಯ ಬುಟ್ಟಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಗಲವಾದ ಹಲಗೆಯ ಮೇಲೆ ಅದು ಚೆಂದ. ಕಡ್ಡಿ ಗಾತ್ರದ ಎಳೆಯ ಮೇಲೆ ಬಿರುಕಿಗೆ ಜಾಗವೇ ಇಲ್ಲ.

*ಬೂದಿ ಬಣ್ಣದ ಮರ.* ಬಣ್ಣವೇ ಬಳಿಯದೆ ಹಳತು ಮಾಡುವ ದಾರಿ ಇದು. ವಾರ್ನಿಷ್ ಇಲ್ಲದ, ನೀರು ಹೀರುವ ಎಳೆಗೆ ಮಾತ್ರ. ತುಂಬಾ ನಯವಾದ ಸ್ಟೀಲ್ ವುಲ್, ಅಂದರೆ ಕಬ್ಬಿಣದ ಸಣ್ಣ ಎಳೆಗಳ ಉಂಡೆಯನ್ನು ಸೋಪಿನಲ್ಲಿ ತೊಳೆದು ಎಣ್ಣೆ ಅಂಶ ತೆಗೆಯಿರಿ. ಗಾಜಿನ ಜಾಡಿಯಲ್ಲಿ ಹಾಕಿ, ಮುಳುಗುವಷ್ಟು ಬಿಳಿ ವಿನೆಗರ್ ಸುರಿದು, ಒಂದೆರಡು ದಿನ ಬಿಡಿ. ಮುಚ್ಚಳ ಬಿಗಿ ಮಾಡಬೇಡಿ. ಕಬ್ಬಿಣ ವಿನೆಗರ್‌ನಲ್ಲಿ ಕರಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಅದು ಹೊರಹೋಗಬೇಕು. ಅದೇ ಕಾರಣಕ್ಕೆ ಜಾಡಿಯನ್ನು ಬೆಂಕಿಯಿಂದ ದೂರ, ಗಾಳಿ ಆಡುವ ಕಡೆ ಇಡಿ. ಆಮೇಲೆ ಬಟ್ಟೆಯಲ್ಲಿ ಸೋಸಿ.

ಈ ದ್ರವ ಕೆಲಸ ಮಾಡುವುದು ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಸೇರಿದಾಗ. ಆ ಅಂಶವನ್ನು ಟೀ ಕೊಡುತ್ತದೆ. ಹಾಗಾಗಿ ಮೊದಲು ಕಡುಗಪ್ಪು ಟೀ ಡಿಕಾಕ್ಷನ್ ಹಚ್ಚಿ, ಒಣಗಿಸಿ, ಆಮೇಲೆ ಸೋಸಿದ ದ್ರವ ಹಚ್ಚಿ. ಹಚ್ಚುವಾಗ ಏನೂ ಆಗಲಿಲ್ಲ ಅನ್ನಿಸುತ್ತದೆ. ಕೆಲವು ನಿಮಿಷಕ್ಕೇ ಎಳೆ ಕಂದಾಗಿ, ಬೂದಿಯಾಗಿ, ಕಪ್ಪಿಗೆ ತಿರುಗುತ್ತಾ ಹೋಗುತ್ತದೆ. ಜಾಸ್ತಿ ಕಪ್ಪಾಗುವ ಭಯವಿದ್ದರೆ ದ್ರವಕ್ಕೆ ಅಷ್ಟೇ ನೀರು ಬೆರೆಸಿಕೊಳ್ಳಿ. ಕೈಗವಸು ಹಾಕಿಕೊಳ್ಳಿ, ಉಗುರಿನ ಕಪ್ಪು ಬೇಗ ಹೋಗುವುದಿಲ್ಲ. ವಿನೆಗರ್ ವಾಸನೆ ಒಣಗುತ್ತಾ ಹೋಗಿಬಿಡುತ್ತದೆ.

ಸವೆತ ಮತ್ತು ಕೊಳೆಯ ನೆರಳು

ಬಣ್ಣ ಒಂದು ರಾತ್ರಿ ಒಣಗಲಿ. ಈಗ ಬುಟ್ಟಿಯನ್ನು ದಿನಾ ಹೇಗೆ ಬಳಸುತ್ತೀರೋ ಹಾಗೆ ಹಿಡಿದುಕೊಳ್ಳಿ. ಹಿಡಿಕೆ ಹಿಡಿದು ಎತ್ತಿ, ಸೊಂಟಕ್ಕೆ ಆನಿಸಿ, ಎರಡು ಕೈಯಲ್ಲಿ ಅಂಚು ಹಿಡಿದು ಕೆಳಗಿಡಿ. ಕೈ ಮತ್ತು ಮೈ ತಾಗಿದ ಜಾಗಗಳನ್ನೆಲ್ಲ ನೆನಪಿಟ್ಟುಕೊಳ್ಳಿ, ಬೇಕಾದರೆ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಹಾಕಿ. 220 ನಂಬರಿನ ಸ್ಯಾಂಡ್ ಪೇಪರ್ ಆ ಜಾಗಕ್ಕೆ ಮಾತ್ರ ಹೋಗಬೇಕು. ಬಲಗೈಯಲ್ಲಿ ಎತ್ತುವವರ ಬುಟ್ಟಿ ಒಂದು ಪಕ್ಕ ಜಾಸ್ತಿ ಸವೆದಿರುತ್ತದೆ. ಆ ಓರೆ ಬೇಕೇ ಬೇಕು. ಎರಡೂ ಪಕ್ಕ ಸಮ ಸಮ ಸವೆದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಬಣ್ಣವನ್ನು ಭದ್ರ ಮಾಡಬೇಕು. ಜೇನುಮೇಣದ ಪೇಸ್ಟ್ ಅಥವಾ ಬಣ್ಣವಿಲ್ಲದ ಫರ್ನಿಚರ್ ಮೇಣ ಒಳ್ಳೆಯದು. ಬಟ್ಟೆ ಸಂದಿಗೆ ಹೋಗುವುದಿಲ್ಲ, ಗುಂಡಗಿನ ಗಡಸು ಬ್ರಷ್‌ನಿಂದ ತಿರುಗಿಸಿ ತಿರುಗಿಸಿ ಹಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಮಂಕು ಬಣ್ಣಕ್ಕೆ ಒಂದು ಮೃದುವಾದ ಹೊಳಪು ಬರುತ್ತದೆ.

ಈಗ ಸಂದಿಯ ಕೊಳೆ. ಗಾಢ ಕಂದು ಮೇಣ ಸಿಕ್ಕರೆ ಅದನ್ನು ಚೂರೇ ಚೂರು ಬ್ರಷ್ಷಿಗೆ ತೆಗೆದುಕೊಂಡು ಹೆಣಿಗೆಯ ತಗ್ಗುಗಳಿಗೆ ಒತ್ತಿ, ಮೇಲ್ಮೈಯನ್ನು ತಕ್ಷಣ ಒರೆಸಿ. ಸಿಗದಿದ್ದರೆ ಕಂದು ಅಕ್ರಿಲಿಕ್ ಬಣ್ಣಕ್ಕೆ ಮೂರು ನಾಲ್ಕು ಪಾಲು ನೀರು ಬೆರೆಸಿ ಅದೇ ರೀತಿ ಮಾಡಬಹುದು. ಆದರೆ ಮೇಣದ ಮೇಲೆ ನೀರಿನ ಬಣ್ಣ ಕೂರುವುದಿಲ್ಲ. ಈ ದಾರಿ ಹಿಡಿಯುವವರು ಮೇಣದ ಬದಲು ಹೊಳಪಿಲ್ಲದ ನೀರಿನ ವಾರ್ನಿಷ್ ಒಂದು ಕೋಟ್ ಮೊದಲು ಹಚ್ಚಿಕೊಳ್ಳಿ. ಯಾವ ರಕ್ಷಣೆಯೂ ಇಲ್ಲದ ಚಾಕ್ ಪೇಂಟ್ ಮೇಲೆ ಕಂದು ಬಿದ್ದರೆ ಅದು ಬ್ಲಾಟಿಂಗ್ ಪೇಪರಿನ ಹಾಗೆ ಹೀರಿಕೊಳ್ಳುತ್ತದೆ. ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ. ನನ್ನದೊಂದು ಕೆನೆ ಬಣ್ಣದ ಬುಟ್ಟಿ ಹೀಗೆ ಹಾಳಾಗಿ, ಮೊದಲಿನಿಂದ ಬಣ್ಣ ಬಳಿಯಬೇಕಾಯಿತು.

ಅಗಸೆ ಎಣ್ಣೆ ಇರುವ ಮೇಣ ಅಥವಾ ಪಾಲಿಶ್ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗಡೆ ಒಂಟಿ ಪದರವಾಗಿ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಒಳಗಿನ ಬಟ್ಟೆ

ಲೈನಿಂಗ್ ಇಲ್ಲದೆಯೂ ಬುಟ್ಟಿ ಚೆನ್ನಾಗಿರುತ್ತದೆ. ಆದರೆ ಹೊಸ ಎಳೆಗಳ ಒಳಮೈಯನ್ನು ಮುಚ್ಚಲು, ಬಟ್ಟೆಬರೆ ಸಿಬಿರಿಗೆ ಸಿಕ್ಕದಿರಲು ಅದು ಒಳ್ಳೆಯದು. ಹತ್ತಿ ಅಥವಾ ಲಿನನ್ ಬಟ್ಟೆ ಆರಿಸಿ, ಹೊಲಿಯುವ ಮೊದಲು ತೊಳೆದುಬಿಡಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ.

ಹೊಸ ಬಿಳಿ ಬಟ್ಟೆ ಹಳೇ ಬುಟ್ಟಿಯೊಳಗೆ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೂ ಟೀ ಸ್ನಾನ ಮಾಡಿಸಿ. ಒಂದು ಲೀಟರ್ ಕುದಿಯುವ ನೀರಿಗೆ ನಾಲ್ಕೈದು ಟೀ ಬ್ಯಾಗ್ ಹಾಕಿ ಹತ್ತು ನಿಮಿಷ ಬಿಡಿ, ಬ್ಯಾಗ್ ತೆಗೆಯಿರಿ. ತೊಳೆದ ಒದ್ದೆ ಬಟ್ಟೆ ಮತ್ತು ಲೇಸನ್ನು ಅದರಲ್ಲಿ ಅರ್ಧ ಗಂಟೆ ಮುಳುಗಿಸಿ, ಆಗಾಗ ತಿರುವಿ. ಒಣ ಬಟ್ಟೆ ಹಾಕಿದರೆ ಕಲೆ ಕಲೆಯಾಗುತ್ತದೆ. ಒಣಗಿದಾಗ ಬಣ್ಣ ಒಂದು ಪಟ್ಟು ತೆಳುವಾಗುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾದಾಗ ತೆಗೆಯಿರಿ. ಪಾಲಿಯೆಸ್ಟರ್ ಲೇಸು ಟೀ ಬಣ್ಣ ಹಿಡಿಯುವುದಿಲ್ಲ, ಹತ್ತಿಯ ಲೇಸೇ ಬೇಕು.

ಅಳತೆ ಒಂದು ಉದಾಹರಣೆಯಿಂದ ಹೇಳುತ್ತೇನೆ. ನೆಟ್ಟಗಿನ ಗೋಡೆಯ ಗುಂಡು ಬುಟ್ಟಿ, ಒಳಗಿನ ಅಗಲ 30 ಸೆಂ.ಮೀ., ಎತ್ತರ 18 ಸೆಂ.ಮೀ., ಎದುರುಬದುರು ಎರಡು ಹಿಡಿಕೆ ಅಂದುಕೊಳ್ಳಿ. ತಳಕ್ಕೆ 32 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ. ಇದರಲ್ಲಿ ಸುತ್ತಲೂ 1 ಸೆಂ.ಮೀ. ಹೊಲಿಗೆಗೆ ಹೋಗುತ್ತದೆ. ಒಳಸುತ್ತಳತೆ 30 ಗುಣಿಸು 3.14, ಅಂದರೆ ಸುಮಾರು 94 ಸೆಂ.ಮೀ. ಅದರ ಅರ್ಧ 47, ಎರಡು ಬದಿಯ ಹೊಲಿಗೆ ಸೇರಿ 49. ಎತ್ತರಕ್ಕೆ 18, ಹೊರಗೆ ಮಡಚಲು 8, ಕೆಳಹೊಲಿಗೆಗೆ 1, ಮೇಲಂಚು ಮಡಿಸಲು 2, ಒಟ್ಟು 29. ಹೀಗೆ 49ಕ್ಕೆ 29ರ ಎರಡು ತುಂಡು ಬೇಕು.

ಎರಡೂ ತುಂಡನ್ನು ಬದಿಯಲ್ಲಿ ಜೋಡಿಸಿ, ಕೆಳಗಿನಿಂದ 18 ಸೆಂ.ಮೀ. ವರೆಗೆ ಮಾತ್ರ ಹೊಲಿಯಿರಿ. ಮೇಲಿನದನ್ನು ಬಿಚ್ಚಿಯೇ ಬಿಡಿ, ಆ ಅಂಚುಗಳನ್ನು ಒಳಗೆ ಮಡಿಸಿ ಹೊಲಿಯಿರಿ. ಆ ಸೀಳಿನಲ್ಲಿ ಹಿಡಿಕೆ ಕೂರುತ್ತದೆ. ಇನ್ನೊಂದು ಲಾಭವೂ ಇದೆ. ಬುಟ್ಟಿಯ ಅಂಚು ದಪ್ಪ, ಹೊರಸುತ್ತು ಒಳಸುತ್ತಿಗಿಂತ ಜಾಸ್ತಿ. ಪೂರ್ತಿ ಹೊಲಿದ ಬಟ್ಟೆ ಹೊರಗೆ ಮಡಚುವಾಗ ಬಿಗಿಯಾಗಿ ನಿಂತುಬಿಡುತ್ತದೆ. ಸೀಳಿದ್ದರೆ ಸಡಿಲವಾಗಿ ಬೀಳುತ್ತದೆ, ಎರಡು ಪಟ್ಟಿ ಹೊಲಿದು ಹಿಡಿಕೆಯ ಕೆಳಗೆ ಗಂಟು ಕಟ್ಟಬಹುದು. ಕೊನೆಗೆ ತಳದ ವೃತ್ತವನ್ನು ಸೇರಿಸಿ. ಮೊದಲು ನಾಲ್ಕು ಕಡೆ ಪಿನ್ ಹಾಕಿ, ಆಮೇಲೆ ನಡುವೆ ಪಿನ್ ಹಾಕುತ್ತಾ ಹೋದರೆ ಸುಕ್ಕು ಬರುವುದಿಲ್ಲ. ಬಾಯಿ ಅಗಲವಾಗಿ ತಳ ಕಿರಿದಾದ ಬುಟ್ಟಿಗೆ ಬಾಯಿಯ ಅಳತೆ ತೆಗೆದುಕೊಂಡು ತಳದಲ್ಲಿ ಸಣ್ಣ ನೆರಿಗೆ ಹಿಡಿಯಿರಿ. ಬಟ್ಟೆಯನ್ನು ಬುಟ್ಟಿಗೆ ಅಂಟಿಸಬೇಡಿ, ತೆಗೆದು ಒಗೆಯಲು ಆಗಬೇಕು.

ಹೊರಗೆ ಮಡಚಿದ ಭಾಗದ ಮೇಲೆ ಹಳೇ ಧಾನ್ಯದ ಚೀಲಗಳಲ್ಲಿ ಇರುತ್ತಿದ್ದಂಥ ಪಟ್ಟೆ ಬರೆಯಬಹುದು. ನಡುವೆ ಒಂದು ಅಗಲ ಪಟ್ಟೆ, ಅದರ ಎರಡೂ ಪಕ್ಕ ಒಂದೊಂದು ಸಣ್ಣ ಗೆರೆ, ಮಂಕು ನೀಲಿ ಅಥವಾ ಇಟ್ಟಿಗೆ ಕೆಂಪಿನಲ್ಲಿ. ಮಾಸ್ಕಿಂಗ್ ಟೇಪ್ ಅಂಟಿಸಿ, ಬಟ್ಟೆ ಬಣ್ಣವನ್ನು ಸ್ಪಂಜಿನ ತುಂಡಿನಿಂದ ತಟ್ಟಿ ಹಚ್ಚಿ. ಬ್ರಷ್‌ನಿಂದ ಎಳೆದರೆ ಬಣ್ಣ ಟೇಪಿನ ಅಡಿಗೆ ನುಗ್ಗುತ್ತದೆ.

ಹಿಡಿಕೆ ಮತ್ತು ಸಣ್ಣ ಪುಟ್ಟದ್ದು

ಹಿಡಿಕೆಗೆ ತೆಳು ಸೆಣಬಿನ ಹುರಿ ಸುತ್ತಬಹುದು. ಹುರಿಯ ಮೊದಲ ತುದಿಯನ್ನು ಹಿಡಿಕೆಯ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತುತ್ತಾ ಬನ್ನಿ, ತುದಿ ತಾನಾಗಿ ಮುಚ್ಚಿಹೋಗುತ್ತದೆ. ಕೊನೆಯ ತುದಿಯನ್ನು ದಪ್ಪ ಸೂಜಿಯಿಂದ ಸುತ್ತುಗಳ ಅಡಿಗೆ ತೂರಿಸಿ, ಒಂದು ತೊಟ್ಟು ಅಂಟು ಹಾಕಿ. ಹಿಡಿಕೆ ಪೂರ್ತಿ ಬೇಡ, ಕೈ ಹಿಡಿಯುವಷ್ಟು ಅಗಲ ಸಾಕು. ಹಿಡಿಕೆಯೇ ಇಲ್ಲದ ಬುಟ್ಟಿಗೆ ಹಳೇ ಚರ್ಮದ ಬೆಲ್ಟ್ ತುಂಬಾ ಚೆನ್ನಾಗಿ ಒಪ್ಪುತ್ತದೆ. ಬೆಲ್ಟಿನಿಂದ ಎರಡು ತುಂಡು ಕತ್ತರಿಸಿ, ತುದಿಗಳಲ್ಲಿ ತೂತು ಮಾಡಿ, ಅಂಚಿನ ಅಡಿಯ ಗಟ್ಟಿ ಎಳೆಗಳ ಸುತ್ತ ಬಿಗಿಯಾದ ದಾರದಿಂದ ಹೊಲಿದುಬಿಡಿ. ವರ್ಷಗಟ್ಟಲೆ ಸೊಂಟದಲ್ಲಿದ್ದ ಬೆಲ್ಟಿನ ಸವೆತಕ್ಕೆ ಯಾವ ಬಣ್ಣವೂ ಸಮವಲ್ಲ.

ಲೇಸು, ಗುಂಡಿ, ಹಿತ್ತಾಳೆ ಕೀ, ಬಟ್ಟೆ ಹೂವು, ಎಲ್ಲವೂ ಕೈಯಲ್ಲಿರುವಾಗ ಎಲ್ಲವನ್ನೂ ಹಾಕೋಣ ಅನ್ನಿಸುತ್ತದೆ. ಒಂದನ್ನು ಆರಿಸಿ, ಹೆಚ್ಚೆಂದರೆ ಎರಡು. ಲೇಸನ್ನು ಅಂಟಿನಿಂದ ಅಂಟಿಸುವ ಬದಲು ಎಳೆಗಳ ನಡುವೆ ಸೂಜಿ ಹಾಯಿಸಿ ಹೊಲಿಯಿರಿ, ಅಂಟು ಕಾಲಕ್ರಮೇಣ ಹಳದಿಯಾಗುತ್ತದೆ. ಹಳೇ ಚಿತ್ರ ಅಥವಾ ಅಕ್ಷರದ ಕಾಗದ ಅಂಟಿಸುವ ಆಸೆಯಿದ್ದರೆ ನೇರವಾಗಿ ಹೆಣಿಗೆಯ ಮೇಲೆ ಬೇಡ. ಉಬ್ಬು ತಗ್ಗಿನ ಮೇಲೆ ಕಾಗದ ಹರಿಯುತ್ತದೆ. ತೆಳುವಾದ ಮರದ ಬಿಲ್ಲೆಯ ಮೇಲೆ ಅಂಟಿಸಿ, ಮೇಲೆ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಹಚ್ಚಿ, ಒಣಗಿದ ಮೇಲೆ ಬಿಲ್ಲೆಯನ್ನು ಹುರಿಯಿಂದ ಬುಟ್ಟಿಗೆ ಕಟ್ಟಿ. ಇಂಕ್‌ಜೆಟ್ ಪ್ರಿಂಟ್ ಅಂಟಿನ ತೇವಕ್ಕೆ ಹರಡಿಕೊಳ್ಳಬಹುದು, ಲೇಸರ್ ಪ್ರಿಂಟ್ ತೆಗೆದುಕೊಳ್ಳಿ.

ಮೇಣ ಮುಟ್ಟಲು ಒಣಗಿದ ಹಾಗಿದ್ದರೂ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಭಾರದ್ದನ್ನು ತುಂಬಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ತಿನ್ನುವ ಪದಾರ್ಥವನ್ನು ಬಣ್ಣ ಬಳಿದ ಬುಟ್ಟಿಯಲ್ಲಿ ನೇರವಾಗಿ ಇಡುವುದು ಯಾವತ್ತೂ ಬೇಡ, ದಪ್ಪ ಬಟ್ಟೆ ಹಾಸಿಯೋ ಬಟ್ಟಲಿನಲ್ಲಿಟ್ಟೋ ಇಡಿ. ಗಿಡದ ಕುಂಡ ಇಡುವುದಾದರೆ ಅಡಿಗೆ ತಟ್ಟೆ ಇರಲಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆಯಿರಿ. ಹೊಳಪು ಮಾಸಿದಂತೆ ಕಂಡರೆ ವರ್ಷಕ್ಕೊಮ್ಮೆ ಬಣ್ಣವಿಲ್ಲದ ಮೇಣ ಒಂದು ಕೈ ಹಚ್ಚಿ. ಹಿಡಿಕೆಗೆ ಮಾತ್ರ ಏನೂ ಹಚ್ಚಬೇಡಿ, ಅಲ್ಲಿ ನಿಮ್ಮ ಕೈಯ ಹೊಳಪು ಬರಲು ಶುರುವಾಗಿರುತ್ತದೆ.